ಕಡೇ ನುಡಿ

ಹೋದ ವರ್ಷ ಕಾರಹುಣ್ಣಿಮೆಯ ಸುಮಾರಿಗೆ ನನಗೊಂದು ಪತ್ರ ಬಂತು. ದಪ್ಪ ಕಾಗದ, ತಲೆಯ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾದ ತಂಬೂರಿ. ನಾನು ಹನ್ನೊಂದು ವರ್ಷ ಚಾಕರಿ ಮಾಡಿದ ಕ್ಯಾಸೆಟ್ ಕಂಪನಿಯ ಮಾಲಕರಿಗೆ ಎಪ್ಪತ್ತೈದು ತುಂಬುತ್ತದೆ; ಅಭಿಮಾನಿಗಳು ಅಭಿನಂದನ ಗ್ರಂಥ ತರುತ್ತಿದ್ದಾರೆ; ‘ಉತ್ತರ ಕರ್ನಾಟಕದ ಜಾನಪದಕ್ಕೆ ಅವರ ಸೇವೆ’ ಎಂಬ ಬಗ್ಗೆ ನಾನು ನಾಲ್ಕು ಪುಟ ಬರೆದುಕೊಡಬೇಕು. ಮಾದರಿಗೆಂದು ಈಗಾಗಲೇ ಬಂದಿದ್ದ ಇನ್ನೊಬ್ಬರ ಲೇಖನದ ಝೆರಾಕ್ಸನ್ನೂ ಜೊತೆಗಿಟ್ಟಿದ್ದರು. ಮಾಲಕರು ಬರಿಗೈಯಲ್ಲಿ ಪಟ್ಟಣಕ್ಕೆ ಬಂದದ್ದು, ಒಂದೇ ಟೇಪ್‌ರಿಕಾರ್ಡರಿನಿಂದ ದಂಧೆ ಸುರುಮಾಡಿದ್ದು, ಹಳ್ಳಿಯ ಮೂಲೆಯಲ್ಲಿ ಬಿದ್ದಿದ್ದ ಹಾಡನ್ನು ಎತ್ತಿ ಲೋಕಕ್ಕೆ ಕೊಟ್ಟದ್ದು, ಎಲ್ಲ ಅದರಲ್ಲಿತ್ತು. ಆ ಮೂಲೆಯಲ್ಲಿ ಹಾಡಿನ ಜೊತೆಗೆ ಒಬ್ಬ ಮನುಷ್ಯನೂ ಇದ್ದನೆಂಬ ಸುದ್ದಿ ಮಾತ್ರ ಇರಲಿಲ್ಲ.

ಮೂರು ಸಲ ಬರೆಯಲು ಕೂತೆ. ಮೂರು ಸಲವೂ ‘ಸೇವೆ’ ಎಂಬ ಶಬ್ದಕ್ಕೆ ಬಂದು ಪೆನ್ನು ನಿಂತಿತು. ನಮ್ಮ ಕಡೆ ಈ ಶಬ್ದ ಅಷ್ಟು ಸಸ್ತಾ ಅಲ್ಲ. ಟಿಕೋಟಾದ ಕಡೆಯ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮಿಗಳು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಕಿಸೆ ಇಲ್ಲದ ಅಂಗಿ ತೊಟ್ಟು ಬಾಳಿದರು. 2018ರಲ್ಲಿ ಪದ್ಮಶ್ರೀ ಬಂದಾಗ ಬೇಡವೆಂದರು. 2023ರ ಜನವರಿ 2ರಂದು ತೀರಿಕೊಂಡರು. ಆ ಅಂಗಿಯನ್ನು ಕಣ್ಣಾರೆ ಕಂಡ ಊರಿನವನು ನಾನು. ಲಾಭಕ್ಕೆಂದೇ ಮಾಡಿದ ವ್ಯವಹಾರಕ್ಕೆ ಸೇವೆ ಎಂದು ಹೆಸರಿಡಲು ಕೈ ಬರಲಿಲ್ಲ. ವ್ಯವಹಾರ ಕೆಟ್ಟದ್ದೇನಲ್ಲ. ನನ್ನ ತಂದೆಯೂ ಅಂಗಡಿ ಇಟ್ಟು ನಮ್ಮನ್ನು ಸಾಕಿದವರೇ. ಆದರೆ ಅವರು ತಕ್ಕಡಿಗೆ ಸೇವೆ ಎನ್ನುತ್ತಿರಲಿಲ್ಲ, ತಕ್ಕಡಿ ಎನ್ನುತ್ತಿದ್ದರು.

ಆ ಗ್ರಂಥಕ್ಕೆ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದು ಒಬ್ಬ ಸಾಹುಕಾರನ ತಪ್ಪಾಗಿ ಮುಗಿದುಹೋಗುತ್ತದೆ, ಉಳಿದವರು ತಲೆದಿಂಬಿಗೆ ತಲೆಯಿಟ್ಟು ಮಲಗುತ್ತಾರೆ. ಅಲ್ಲದೆ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಮತ್ತು ನನ್ನ ಹೆಸರು ಈ ಲೇಖನದ ಮೇಲೆ ಇದ್ದೇ ಇದೆ.

ಮೊದಲು ಕೊಡಬೇಕಾದ ಮಾನ ಕೊಟ್ಟುಬಿಡುತ್ತೇನೆ. ಕ್ಯಾಸೆಟ್ ಬರುವ ಮುಂಚೆ ಸಂಗೀತದ ವ್ಯಾಪಾರವೆಂದರೆ ಎಚ್.ಎಮ್.ವಿ. ಅದರ ನಾಯಿಯ ಮುಂದೆ ಕೂತು ಹಾಡುವ ಭಾಗ್ಯ ಸಿನಿಮಾದವರಿಗೆ ಮತ್ತು ದೊಡ್ಡ ಉಸ್ತಾದರಿಗೆ. ಟಿಕೋಟಾದ ಡೊಳ್ಳಿನ ಮೇಳದವರು ಅದರ ಬಾಗಿಲು ಬಡಿಯುವ ಕನಸನ್ನೂ ಕಂಡಿರಲಿಲ್ಲ. ದಿಲ್ಲಿಯ ದರಿಯಾಗಂಜಿನಲ್ಲಿ ಹಣ್ಣಿನ ರಸ ಮಾರುವವರ ಮಗ ಗುಲ್ಶನ್ ಕುಮಾರ್ 1980ರ ದಶಕದಲ್ಲಿ ಸೂಪರ್ ಕ್ಯಾಸೆಟ್ಸ್ ಕಟ್ಟಿ, ಕಾಯಿದೆಯ ಒಂದು ಕಲಮಿನ ಆಸರೆ ಹಿಡಿದು ಹಳೆಯ ಹಾಡುಗಳನ್ನು ಹೊಸ ಕಂಠಗಳಿಂದ ಹಾಡಿಸಿ, ದೊಡ್ಡ ಕಂಪನಿಯ ಬೆಲೆಯನ್ನು ನೆಲಕ್ಕಿಳಿಸಿದ. ಪಾನ್ ಅಂಗಡಿಯಲ್ಲೂ ಕ್ಯಾಸೆಟ್ ಸಿಗುವಂತೆ ಮಾಡಿದ. 1997ರ ಆಗಸ್ಟ್ 12ರಂದು ಮುಂಬಯಿಯ ಅಂಧೇರಿಯಲ್ಲಿ ಗುಡಿಯಿಂದ ಹೊರಬರುವಾಗ ಗುಂಡಿಗೆ ಬಲಿಯಾದ. ನಮ್ಮಲ್ಲಿ ಬೆಂಗಳೂರಿನ ಲಹರಿಯ ಮನೋಹರ ನಾಯ್ಡು, ವೇಲು ಸೋದರರ ಕತೆ ಎಲ್ಲರಿಗೂ ಗೊತ್ತಿದ್ದದ್ದೇ. 1970ರ ದಶಕದಲ್ಲಿ ಸಣ್ಣದಾಗಿ ಹುಟ್ಟಿದ ಸಂಸ್ಥೆ, 1987ರ ‘ಪ್ರೇಮಲೋಕ’ದ ಹಾಡುಗಳು ವಿಜಾಪುರದ ಟಾಂಗಾದವರ ಬಾಯಲ್ಲೂ ಕುಣಿದವು, 2022ರಲ್ಲಿ ರಿಕಿ ಕೇಜ್ ಅವರಿಗೆ ಗ್ರ್ಯಾಮಿ ತಂದ ‘ಡಿವೈನ್ ಟೈಡ್ಸ್’ ಕೂಡ ಲಹರಿಯದೇ. ನಾನು ದುಡಿದದ್ದು ಇವರಾರ ಹತ್ತಿರವೂ ಅಲ್ಲ. ಆದರೆ ಇವರನ್ನು ಕಂಡು ಹುಬ್ಬು ಹಾರಿಸಿ, ನಾವೂ ಹೀಗೇ ಆಗಬೇಕೆಂದು ಹೊರಟ ಹತ್ತಾರು ಸಣ್ಣ ಕಂಪನಿಗಳಲ್ಲಿ ಒಂದರಲ್ಲಿ.

1989ರಿಂದ 2000ದ ತನಕ ನಾನು ಆ ಕಂಪನಿಯ ‘ಪ್ರತಿನಿಧಿ’. ಕೆಲಸ ಹೇಳಬೇಕೆಂದರೆ ಜಾತ್ರೆ ತಿರುಗುವುದು. ಸಂಕ್ರಮಣಕ್ಕೆ ಸಿದ್ಧೇಶ್ವರ ಜಾತ್ರೆ, ತೊರವಿಯ ದನದ ಜಾತ್ರೆ, ಅರಕೇರಿಯ ಅಮೋಘಸಿದ್ಧನ ಜಾತ್ರೆ, ಬಬಲೇಶ್ವರದ ಮಠದ ಜಾತ್ರೆ. ಯಾವ ಮೇಳದ ಮುಂದೆ ಬೆಳತನಕ ಜನ ಕೂತಿರುತ್ತಾರೋ ನೋಡುವುದು, ಹಾಡಿಕೆ ಮುಗಿದ ಮೇಲೆ ಮುಖ್ಯ ಹಾಡುಗಾರನಿಗೆ ಚಹಾ ಕುಡಿಸುವುದು, ಊರ ಹೆಸರು ಬರೆದುಕೊಳ್ಳುವುದು. ಆಗ ಟಿಕೋಟಾ, ಬಬಲೇಶ್ವರ ಎರಡೂ ವಿಜಾಪುರ ತಾಲೂಕಿನ ಊರುಗಳು. ತಾಲೂಕಿನ ಪಟ್ಟ ಬಂದದ್ದು ಈಚೆಗೆ. ಬಸ್ಸಿನಲ್ಲಿ, ಟ್ರ್ಯಾಕ್ಸಿನಲ್ಲಿ, ಕೆಲವೊಮ್ಮೆ ಕಬ್ಬಿನ ಟ್ರ್ಯಾಕ್ಟರಿನಲ್ಲಿ ಈ ಎರಡರ ನಡುವಿನ ಹಳ್ಳಿಗಳನ್ನೆಲ್ಲ ನಾನು ತುಳಿದಿದ್ದೇನೆ. ಮೇಳಗಳ ವಿಷಯದಲ್ಲಿ ನನ್ನ ಕಿವಿ ಚೆನ್ನಾಗಿತ್ತು. ಅದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಮುಂದೆ ಹೇಳುವುದೆಲ್ಲ ಆ ಕಿವಿ ಮಾಡಿದ ಕೆಲಸವೇ.

ಡೊಳ್ಳಿನ ಪದವನ್ನು ಕೇಳದವರಿಗಾಗಿ ಎರಡು ಮಾತು. ಇದು ಮೂರು ನಿಮಿಷದ ಹಾಡಲ್ಲ. ಎರಡು ಮೇಳ ಎದುರುಬದರು ನಿಲ್ಲುತ್ತವೆ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಪದದಲ್ಲೇ ಜವಾಬು ಕೊಡಬೇಕು. ರಾತ್ರಿ ಊಟವಾದ ಮೇಲೆ ಕಟ್ಟಿದ ಡೊಳ್ಳು ಹೊತ್ತು ಮೂಡುವಾಗ ಇಳಿಯುತ್ತದೆ. ಪುರಾಣವೂ ಉಂಟು, ಊರಿನ ರಾಜಕೀಯವೂ ಉಂಟು, ಹೋದ ವಾರ ನಡೆದ ಖೂನಿಯೂ ಉಂಟು. ಗೀಗೀ ಪದದಂತೆ ಇಲ್ಲಿಯೂ ಪ್ರತಿಯೊಂದು ಪದಕ್ಕೂ ಕಡೇ ನುಡಿ ಇರುತ್ತದೆ. ಅದರಲ್ಲಿ ಕಟ್ಟಿದವನ ಊರು, ಅವನ ಗುರು, ಅವನ ಹೆಸರು ಬರಲೇಬೇಕು. ಬೇರೆಯವರು ಆ ಪದ ಹಾಡಿದರೂ ಆ ನುಡಿ ಬಿಡುವಂತಿಲ್ಲ. ಬಿಟ್ಟರೆ ಎದುರಿನ ಮೇಳದವರು ‘ಯಾರ ಪದಾನೋ ಕದ್ದ ತಂದೀಯೋ’ ಎಂದು ಜಾತ್ರೆಯ ನಡುವೆಯೇ ಮಾನ ಕಳೆಯುತ್ತಾರೆ. ಸರಕಾರ ಕಾಪಿರೈಟ್ ಕಾಯಿದೆ ಮಾಡಿದ್ದು 1957ರಲ್ಲಿ. ನಮ್ಮ ಡೊಳ್ಳಿನವರ ಕಾಯಿದೆ ಅದಕ್ಕಿಂತ ಬಹಳ ಹಳೆಯದು, ಅದಕ್ಕೆ ಕಚೇರಿ ಬೇಕಾಗಿರಲಿಲ್ಲ, ವಕೀಲರೂ ಬೇಕಾಗಿರಲಿಲ್ಲ.

1996ರ ಬೇಸಿಗೆಯಲ್ಲಿ ಟಿಕೋಟಾದಾಚೆಯ ಒಂದು ಹಳ್ಳಿಯ ಮೇಳವನ್ನು ನಾನು ಹುಬ್ಬಳ್ಳಿಯ ಒಂದು ಸ್ಟುಡಿಯೊಕ್ಕೆ ಕರೆದುಕೊಂಡು ಹೋದೆ. ಎಂಟು ಜನ, ಎರಡು ಡೊಳ್ಳು, ತಾಳ, ಒಂದು ಗಂಟು ರೊಟ್ಟಿ. ಮುಖ್ಯ ಹಾಡುಗಾರನಿಗೆ ಆಗ ಐವತ್ತೈದರ ಪ್ರಾಯ; ನಾನು ಕಾಕಾ ಎನ್ನುತ್ತಿದ್ದೆ, ಆತ ನನ್ನನ್ನು ಸಾಹೇಬ್ರ ಎನ್ನುತ್ತಿದ್ದ. ಕುರಿ ಕಾಯ್ದು ಬೆಳೆದವನು, ಅಕ್ಷರ ಬರುತ್ತಿರಲಿಲ್ಲ. ಕಟ್ಟಿದ ಪದಗಳು ಮಾತ್ರ ನೂರರ ಮೇಲೆ, ಎಲ್ಲ ತಲೆಯಲ್ಲಿ. ಅವುಗಳಲ್ಲಿ ಒಂದು, 1972ರ ಬರಗಾಲದ ಪದ. ಬಾವಿ ಬತ್ತಿದ್ದು, ದನಗಳನ್ನು ಹಗ್ಗ ಬಿಚ್ಚಿ ಬಿಟ್ಟದ್ದು, ಬರಗಾಲದ ಕಾಮಗಾರಿಯಲ್ಲಿ ಹೆಂಡತಿಯ ಜೊತೆ ಕಲ್ಲು ಒಡೆದದ್ದು, ಕೂಲಿ ಬಟವಡೆ ಮಾಡುವವನ ಬೆರಳಿನ ಲೆಕ್ಕ, ಎಲ್ಲ ಅದರಲ್ಲಿತ್ತು. ಜಾತ್ರೆಯಲ್ಲಿ ಅದನ್ನು ಹಾಡುವಾಗ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನಾನು ಕಂಡಿದ್ದೆ. ಕಂಡೇ ಕರೆದುಕೊಂಡು ಹೋದದ್ದು.

ಸ್ಟುಡಿಯೊದ ಎಂಜಿನಿಯರ್ ಡೊಳ್ಳಿನ ಸಪ್ಪಳಕ್ಕೆ ಹೆದರಿಬಿಟ್ಟ. ಮೈಕು ತಡೆಯುವುದಿಲ್ಲ ಎಂದ. ಕೊನೆಗೆ ಅವರ ಕಂಬಳಿಯನ್ನೇ ಡೊಳ್ಳಿನ ಮೇಲೆ ಹೊದಿಸಿ, ಬಾರಿಸುವವರನ್ನು ಬಾಗಿಲ ಆಚೆ ನಿಲ್ಲಿಸಿದೆವು. ಬಯಲಿನಲ್ಲಿ ಎರಡು ಊರಿಗೆ ಕೇಳುವ ಡೊಳ್ಳು ಕ್ಯಾಸೆಟ್ಟಿನಲ್ಲಿ ಯಾರೋ ಪಕ್ಕದ ಮನೆಯಲ್ಲಿ ಗಾದಿ ಬಡಿದಂತೆ ಕೇಳುತ್ತದೆ, ಇದೇ ಕಾರಣ. ಇರಲಿ, ಅದು ಯಂತ್ರದ ತೊಂದರೆ. ಮುಂದಿನದು ಯಂತ್ರದ್ದಲ್ಲ.

ಕ್ಯಾಸೆಟ್ಟಿನ ಒಂದು ಮಗ್ಗುಲು ಮೂವತ್ತು ನಿಮಿಷ. ಬರಗಾಲದ ಪದವನ್ನು ಎಷ್ಟು ಹಿಂಡಿದರೂ ಮೂವತ್ತೆರಡಕ್ಕೆ ಬರುತ್ತಿತ್ತು. ಎಂಜಿನಿಯರ್ ಗಾಜಿನ ಆಚೆಯಿಂದ ನನಗೆ ಗಡಿಯಾರ ತೋರಿಸಿದ. ಮಾಲಕರಿಗೆ ಫೋನು ಹಚ್ಚಿದೆ. ‘ಮಧ್ಯದಲ್ಲಿ ಕಥೆ ಕೆಡಿಸಬೇಡ, ಕೊನೆಯಲ್ಲಿ ಊರು-ಕೇರಿ-ಹೆಸರು ಹೇಳ್ತಾರಲ್ಲ, ಅದನ್ನ ತೆಗಿ. ಯಾರಿಗೆ ಬೇಕು ಅದು?’ ಎಂದರು. ನಾನು ಒಳಗೆ ಹೋಗಿ ಕಾಕಾನಿಗೆ ಹೇಳಿದೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಕಡೀ ನುಡಿ ಇಲ್ದ ಪದಾ ಅಂದ್ರ ತಲೀಮ್ಯಾಗ ರುಂಬಾಲ ಇಲ್ದಂಗ್ರೀ ಸಾಹೇಬ್ರ,’ ಎಂದ. ‘ಡಬ್ಬಿ ಮ್ಯಾಲೆ ನಿಮ್ಮ ಹೆಸರ ಹಾಕಸ್ತೀನಿ ಕಾಕಾ,’ ಎಂದು ನಾನು ಮಾತು ಕೊಟ್ಟೆ. ಆತ ನಂಬಿದ.

ಕ್ಯಾಸೆಟ್ ಬಂದಾಗ ಡಬ್ಬಿಯ ಮೇಲೆ ಯಾರೋ ಬಣ್ಣದ ಸೀರೆಯ ಹುಡುಗಿಯ ಫೋಟೊ. ಒಳಗಿನ ಚೀಟಿಯಲ್ಲಿ ‘ಸಾಹಿತ್ಯ: ಸಾಂಪ್ರದಾಯಿಕ’. ‘ನಿರ್ಮಾಣ’ ಎಂಬಲ್ಲಿ ಮಾಲಕರ ಹೆಸರು, ‘ಸಹಕಾರ’ ಎಂಬಲ್ಲಿ ನನ್ನದು. ಹಾಡಿದವರು ‘ಮತ್ತು ಸಂಗಡಿಗರು’. 1972ರಲ್ಲಿ ಒಬ್ಬ ಮನುಷ್ಯ ಒಡೆದ ಕಲ್ಲಿನ ಬಗ್ಗೆ ಅದೇ ಮನುಷ್ಯ ಕಟ್ಟಿದ ಪದ ಇಪ್ಪತ್ನಾಲ್ಕೇ ವರ್ಷದಲ್ಲಿ ಸಾಂಪ್ರದಾಯಿಕವಾಯಿತು! ಕಟ್ಟಿದವನು ಎದುರಿಗೆ ಕೂತು ರೊಟ್ಟಿ ತಿನ್ನುತ್ತಿರುವಾಗಲೇ ಅವನನ್ನು ಅನಾಮಿಕ ಜನಪದ ಕವಿ ಮಾಡಿದೆವು. ವಿಶ್ವವಿದ್ಯಾಲಯದ ಪಂಡಿತರು ಜಾನಪದಕ್ಕೆ ಕರ್ತೃವಿಲ್ಲ ಎಂದು ಬರೆಯುತ್ತಾರೆ. ಕರ್ತೃ ಇರುವುದಿಲ್ಲವಲ್ಲ, ಅವನನ್ನು ತೆಗೆಯುವ ಕೆಲಸಕ್ಕೆ ನನ್ನಂಥ ಒಬ್ಬನಿಗೆ ಸಂಬಳ ಕೊಟ್ಟು ಇಟ್ಟಿರುತ್ತಾರೆ.

ಹೆಸರು ಎಂಬುದು ಸಣ್ಣ ವಿಷಯ ಎನ್ನುವವರಿಗೆ ಒಂದು ಮಾತು. ವಿಜಯಪುರದಿಂದ ಟಿಕೋಟಾಕ್ಕೆ ಹೋಗುವ ಬಸ್ಸು ತೊರವಿಯ ಮೇಲೆ ಹೋಗುತ್ತದೆ. ಅಲ್ಲಿ ಸಂಗೀತ ಮಹಲಿನ ಎತ್ತರದ ಕಮಾನು ಇನ್ನೂ ನಿಂತಿದೆ. ಎರಡನೆಯ ಇಬ್ರಾಹಿಂ ಆದಿಲಶಹ 1599ರಲ್ಲಿ ಕಟ್ಟಲು ಹಿಡಿದ ನವರಸಪುರದ ಅವಶೇಷ ಅದು. 1624ರಲ್ಲಿ ಮಲಿಕ್ ಅಂಬರನ ದಂಡು ಬಂದು ಆ ಊರನ್ನು ಹಾಳುಗೆಡವಿತು. ರಾಜ್ಯ ಆಳುವ ಬಾದಶಹನೇ ‘ಕಿತಾಬ್-ಎ-ನವರಸ್’ ಎಂದು ಹಾಡುಗಳ ಪುಸ್ತಕ ಕಟ್ಟಿದ; ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ; ಹಾಡುಗಳಲ್ಲಿ ಇಬ್ರಾಹಿಂ ಎಂದು ತನ್ನ ಅಂಕಿತ ಇಡುವುದನ್ನು ಮರೆಯಲಿಲ್ಲ. ಮುಂದೆ ಇದೇ ಆದಿಲಶಾಹಿಯ ಚಾಕರಿಯಲ್ಲಿದ್ದು, ಅದನ್ನು ಬಿಟ್ಟು ಹರಿದಾಸರಾದ ಕಾಖಂಡಕಿಯ ಮಹಿಪತಿದಾಸರು ಅಧಿಕಾರ ಬಿಟ್ಟರು, ಸಂಪತ್ತು ಬಿಟ್ಟರು, ಅಂಕಿತ ಬಿಡಲಿಲ್ಲ. ಬಬಲೇಶ್ವರದ ಸೀಮೆಯಲ್ಲಿ ಇವತ್ತಿಗೂ ಮಹಿಪತಿಗಳ ಪದ ಎಂದೇ ಹಾಡುತ್ತಾರೆ. ಬಾದಶಹನಿಗೂ ಬೇಕಾದ, ವಿರಕ್ತನೂ ಬಿಡದ ವಸ್ತು ಕುರಿ ಕಾಯುವವನಿಗೆ ಮಾತ್ರ ಬೇಡವಾಗುತ್ತದೆಯೇ?

ಯಂತ್ರ ಬಂದ ಹೊಸದರಲ್ಲಿ ಯಂತ್ರಕ್ಕೂ ಈ ಮರ್ಯಾದೆ ಗೊತ್ತಿತ್ತು. 1902ರಲ್ಲಿ ಕಲಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ಗ್ರಾಮೊಫೋನ್ ಕಂಪನಿಯ ಮನುಷ್ಯನ ಮುಂದೆ ಗೌಹರ್ ಜಾನ್ ಹಾಡಿದಳು. ಹಾಡು ಮುಗಿಯುತ್ತಲೇ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ತಾನೇ ಕೂಗಿ ಹೇಳಿದಳು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾರ ತಟ್ಟೆ ಯಾವುದೆಂದು ತಿಳಿಯಲೆಂದು ಈ ಪದ್ಧತಿ. ಮೂರು ನಿಮಿಷದ ತಟ್ಟೆಯಲ್ಲಿ ಹೆಸರಿಗೆ ಜಾಗವಿತ್ತು. ಮೂವತ್ತು ನಿಮಿಷದ ನಮ್ಮ ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಗೌಹರ್ ಕೂಡ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು, ದುಡ್ಡು ಉಳಿಯಲಿಲ್ಲ. ಹೆಸರು ಉಳಿಯಿತು, ಅವಳೇ ಕೂಗಿ ಹೇಳಿದ್ದರಿಂದ. ನಮ್ಮ ಗಂಗೂಬಾಯಿ ಹಾನಗಲ್ಲರ 1930ರ ದಶಕದ ಎಚ್.ಎಮ್.ವಿ. ತಟ್ಟೆಗಳನ್ನು ನೋಡಿದವರಿಗೆ ಗೊತ್ತು, ಅವುಗಳ ಮೇಲೆ ಇರುವುದು ‘ಗಾಂಧಾರಿ’ ಎಂಬ ಹೆಸರು. ತಟ್ಟೆಯ ಮೇಲೆ ಏನು ಬರೆಯಬೇಕೆನ್ನುವುದು ಹಾಡಿದವರ ಕೈಯಲ್ಲಿ ಪೂರ್ತಿ ಎಂದೂ ಇರಲಿಲ್ಲ.

ಎಲ್ಲ ಅಧಿಕಾರಿಗಳೂ ಹೀಗೆಯೇ ಎಂದರೆ ಅನ್ಯಾಯವಾದೀತು. ಮುಂಬಯಿಯ ಎಚ್.ಎಮ್.ವಿ.ಯಲ್ಲಿ ದಶಕಗಳ ಕಾಲ ರಿಕಾರ್ಡಿಂಗ್ ನೋಡಿಕೊಂಡ ಜಿ.ಎನ್. ಜೋಶಿಯವರು ಸ್ವತಃ ಭಾವಗೀತೆ ಹಾಡುವವರು. ನಿವೃತ್ತರಾದ ಮೇಲೆ ಅವರೊಂದು ಪುಸ್ತಕ ಬರೆದರು, ಇಂಗ್ಲಿಷಿನಲ್ಲಿ ಅದು ‘ಡೌನ್ ಮೆಲೊಡಿ ಲೇನ್’. ತಾನು ಯಾರು ಯಾರನ್ನು ಮೈಕಿನ ಮುಂದೆ ಕೂಡಿಸಿದೆ, ಅವರ ಸ್ವಭಾವವೇನು, ಹಟವೇನು, ಅದೇ ಅದರ ತುಂಬ. ಕಂಪನಿಯ ಮನುಷ್ಯ ಕಲಾವಿದರ ಬಗ್ಗೆ ಪುಸ್ತಕ ಬರೆದ ಕಾಲ ಒಂದಿತ್ತು. ಈಗ ಕಲಾವಿದರು ಕಂಪನಿಯ ಮನುಷ್ಯನ ಬಗ್ಗೆ ಗ್ರಂಥ ಬರೆಯಬೇಕು, ಅದೂ ಮಾದರಿ ನೋಡಿಕೊಂಡು.

ದುಡ್ಡಿನ ಮಾತಿಗೆ ಬರುತ್ತೇನೆ. ಆ ದಿನ ಇಡೀ ಮೇಳಕ್ಕೆ ಕೊಟ್ಟದ್ದು 1,500 ರೂಪಾಯಿ, ಮೇಲೆ ಬಸ್ ಚಾರ್ಜು, ಒಂದು ಊಟ. ಪಾವತಿ ಪುಸ್ತಕ ನನ್ನ ಚೀಲದಲ್ಲಿಯೇ ಇರುತ್ತಿತ್ತು. ಮೇಲ್ಕಂಡ ಹಾಡುಗಳ ಸಮಸ್ತ ಹಕ್ಕು ಕಂಪನಿಗೆ ಸೇರಿದ್ದು, ಪೂರ್ತಿ ಸಂಭಾವನೆ ಮುಟ್ಟಿತು, ಎಂದು ಎರಡು ಸಾಲು, ಕೆಳಗೆ ಹೆಬ್ಬೆಟ್ಟು. ಶಾಯಿ ಹಚ್ಚಿ ಆ ಹೆಬ್ಬೆರಳನ್ನು ಒತ್ತಿ ಹಿಡಿದವನು ನಾನೇ. ಆಮೇಲೆ ಆ ಕ್ಯಾಸೆಟ್ ಎಷ್ಟು ಖರ್ಚಾಯಿತೆಂಬ ಲೆಕ್ಕ ನನಗೂ ತೋರಿಸಲಿಲ್ಲ. ಆದರೆ ಅಥಣಿ ರಸ್ತೆಯ ಪ್ರತಿ ಚಹಾದಂಗಡಿಯಲ್ಲಿ, ಪ್ರತಿ ಟ್ರ್ಯಾಕ್ಟರಿನಲ್ಲಿ ಅದು ಕೇಳುತ್ತಿತ್ತು, ಮತ್ತು ಮಾಲಕರು ಎರಡು ವರ್ಷದಲ್ಲಿ ನಾಲ್ಕು ಸಲ ಹೊಸ ಡಬ್ಬಿ ಅಚ್ಚು ಹಾಕಿಸಿದರು. ಖರ್ಚಾಗದ ಸರಕಿಗೆ ಯಾರೂ ಹೊಸ ಡಬ್ಬಿ ಮಾಡಿಸುವುದಿಲ್ಲ.

ಕಾಯಿದೆ ಏನು ಹೇಳುತ್ತದೆ ಎಂಬುದನ್ನು ನಾನು ತಿಳಿದುಕೊಂಡದ್ದು ತೀರ ಈಚೆಗೆ, ತಡವಾಗಿ. ಧ್ವನಿಮುದ್ರಣ ಎಂಬ ವಸ್ತು ಅದನ್ನು ಮಾಡಿಸಿದ ಕಂಪನಿಯದು, ಅದರಲ್ಲಿ ತಕರಾರಿಲ್ಲ. ಆದರೆ ಪದ ಕಟ್ಟಿದವನ ಹಕ್ಕು ಬೇರೆ. ಅದು ಅವನ ಜೀವಮಾನವೆಲ್ಲ, ಅವನು ಸತ್ತ ಮೇಲೆ 60 ವರ್ಷ ವಾರಸುದಾರರಿಗೆ. ಅದನ್ನು ಬರೆದುಕೊಡುವುದಾದರೆ ಅವಧಿ ಎಷ್ಟೆಂದು ಬರೆದಿರಬೇಕು. ಬರೆಯದಿದ್ದರೆ ಐದೇ ವರ್ಷ ಎಂದು ಎಣಿಸಬೇಕು. ಇದು 1994ರ ತಿದ್ದುಪಡಿ, 1995ರ ಮೇ 10ರಿಂದ ಜಾರಿಗೆ ಬಂದದ್ದು. ಹಾಡುವವನಿಗೂ ಅವನದೇ ಹಕ್ಕು ಉಂಟೆಂದು ಮೊದಲ ಸಲ ಒಪ್ಪಿಕೊಂಡದ್ದೂ ಅದೇ ತಿದ್ದುಪಡಿ. ಕಾಕಾ ಹೆಬ್ಬೆಟ್ಟು ಒತ್ತಿದ್ದು ಮರು ವರ್ಷ. ಆ ಪಾವತಿಯಲ್ಲಿ ಅವಧಿಯ ಮಾತೇ ಇಲ್ಲ. ಅಂದರೆ 2001ಕ್ಕೆ ಆತನ ಪದ ಆತನಿಗೆ ತಿರುಗಿ ಬಂದಿತ್ತು, ಆತನಿಗೆ ಯಾರೂ ಹೇಳಲಿಲ್ಲ ಅಷ್ಟೇ. ಮಾಲಕರಿಗೆ ಗೊತ್ತಿರಲಿಲ್ಲವೇ? 1999ರಲ್ಲಿ ಹೊಸ ಪಾವತಿ ಪುಸ್ತಕಗಳು ಬಂದವು. ಅವುಗಳಲ್ಲಿ ಎರಡು ಸಾಲಿನ ಬದಲು ಒಂದು ಪುಟ. ‘ಶಾಶ್ವತವಾಗಿ’, ‘ಜಗತ್ತಿನಾದ್ಯಂತ’, ‘ಇನ್ನು ಮುಂದೆ ಕಂಡುಹಿಡಿಯಲಾಗುವ ಮಾಧ್ಯಮಗಳಲ್ಲಿಯೂ’. ಗೊತ್ತಿಲ್ಲದವರು ಇಷ್ಟು ಗೊತ್ತಿರುವಂತೆ ಬರೆಸುವುದಿಲ್ಲ. ಆ ಪುಸ್ತಕ ನೋಡಿದ ಮರು ವರ್ಷ ನಾನು ಕೆಲಸ ಬಿಟ್ಟೆ. ಅದನ್ನು ಶೌರ್ಯವೆಂದು ಹೇಳಿಕೊಳ್ಳುವುದಿಲ್ಲ, ಅಷ್ಟರಲ್ಲಿ ಸಿ.ಡಿ. ಬಂದು ಕ್ಯಾಸೆಟ್ ದಂಧೆಯೂ ಕುಂಟಲು ಹತ್ತಿತ್ತು.

2012ರಲ್ಲಿ ಕಾಯಿದೆ ಮತ್ತೆ ತಿದ್ದುಪಡಿಯಾಯಿತು. ರಾಜ್ಯಸಭೆಯಲ್ಲಿ ಕವಿ ಜಾವೇದ್ ಅಖ್ತರ್ ಅದಕ್ಕಾಗಿ ಗಟ್ಟಿಯಾಗಿ ನಿಂತರು. ಹಾಡು ಬರೆದವರು, ರಾಗ ಹಾಕಿದವರು ತಮ್ಮ ರಾಯಲ್ಟಿಯ ಪಾಲನ್ನು ಬರೆದುಕೊಟ್ಟರೂ ಅದು ಹೋಗುವುದಿಲ್ಲ ಎಂದಾಯಿತು. ಒಳ್ಳೆಯದೇ. ಆದರೆ ಆ ಪಾಲನ್ನು ತಂದುಕೊಡುವ ಸಂಘಗಳು ಮುಂಬಯಿಯಲ್ಲಿವೆ. ಅಲ್ಲಿ ಹೆಸರು ನೋಂದಾಯಿಸಿರಬೇಕು, ಹಾಡು ನೋಂದಾಯಿಸಿರಬೇಕು. ‘ಸಾಹಿತ್ಯ: ಸಾಂಪ್ರದಾಯಿಕ’ ಎಂದು ಅಚ್ಚಾದ ಪದಕ್ಕೆ ಯಾರ ಹೆಸರಿನಲ್ಲಿ ಪಾಲು ಬರುತ್ತದೆ?

ಇಲ್ಲಿ ಮಾಲಕರ ಪರವಾಗಿ ಹೇಳುವ ಮಾತುಗಳನ್ನೂ ನಾನು ಕೇಳಿದ್ದೇನೆ. ನಾನೇ ಎಷ್ಟೋ ಸಲ ಹೇಳಿದ್ದೇನೆ. ಬಂಡವಾಳ ಅವರದು, ಹತ್ತು ಕ್ಯಾಸೆಟ್ಟಿನಲ್ಲಿ ಏಳು ಮುಳುಗುತ್ತವೆ, ಮೂರರ ಲಾಭದಲ್ಲಿ ಹತ್ತನ್ನು ತೂಗಿಸಬೇಕು ಎಂಬುದು ಒಂದು. ನಿಜ. ಹಾಗಾದರೆ ಮುಳುಗದ ಮೂರರ ಹಾಡುಗಾರರಿಗೆ ಲೆಕ್ಕ ತೋರಿಸುವುದಕ್ಕೇನು ಅಡ್ಡಿ? ಬಾಡಿಗೆಗೆ ಕೊಟ್ಟ ಎತ್ತಿನ ಲೆಕ್ಕವನ್ನೂ ನಮ್ಮ ಊರುಗಳಲ್ಲಿ ಸಂಜೆಗೆ ತೀರಿಸುತ್ತಾರೆ. ಕಳ್ಳ ಪ್ರತಿಯವರು ನಮ್ಮನ್ನು ತಿಂದುಹಾಕಿದರು ಎಂಬುದು ಇನ್ನೊಂದು. ಅದೂ ನಿಜ, ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಕ್ಯಾಸೆಟ್ಟಿನ ಕಳ್ಳ ಪ್ರತಿ ಅರ್ಧ ಬೆಲೆಗೆ ಸಿಗುತ್ತಿತ್ತು, ನಾನೇ ಪೋಲೀಸರನ್ನು ಕರೆದುಕೊಂಡು ಹೋಗಿ ಹಿಡಿಸಿದ್ದೇನೆ. ಆ ಹುಡುಗ ಲಾಕಪ್ಪಿಗೆ ಹೋಗುವಾಗ ನನ್ನ ಮುಖ ನೋಡಿ, ‘ನೀವೂ ಯಾರರೇ ಕಡೆಯಿಂದ ತಂದದ್ದಲ್ಲೇನ್ರಿ?’ ಎಂದ. ಆಗ ಸಿಟ್ಟು ಬಂದಿತ್ತು.

ಮೂರನೆಯ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು. ಕಂಪನಿ ಇಲ್ಲದಿದ್ದರೆ ಆ ಧ್ವನಿಯೇ ಉಳಿಯುತ್ತಿರಲಿಲ್ಲ. ಇದಕ್ಕೆ ನನ್ನ ಹತ್ತಿರ ಸಲೀಸಾದ ಉತ್ತರವಿಲ್ಲ. ಕಾಕಾ 2011ರಲ್ಲಿ ತೀರಿಕೊಂಡ. ಆತನ ಮೇಳ ಒಡೆಯಿತು, ಹುಡುಗರು ದ್ರಾಕ್ಷಿ ತೋಟದ ಕೂಲಿಗೆ, ಪುಣೆಯ ಕಡೆಗೆ ಹೋದರು. ಇವತ್ತು ಆತನ ಕಂಠ ಇರುವುದು ಆ ಕಂಬಳಿ ಹೊದಿಸಿದ ಡೊಳ್ಳಿನ ಕ್ಯಾಸೆಟ್ಟಿನಲ್ಲಿ ಮಾತ್ರ. ಉಳಿಸಿದ್ದಕ್ಕೆ ಋಣ ಉಂಟು, ಒಪ್ಪುತ್ತೇನೆ. ಬೆಂಕಿ ಬಿದ್ದ ಮನೆಯಿಂದ ಕಪಾಟು ಹೊರಗೆ ತಂದವನಿಗೂ ಋಣ ಉಂಟು. ಹಾಗೆಂದು ಕಪಾಟು ಅವನದಾಗುವುದಿಲ್ಲ.

ಪತ್ರ ಬಂದು ತಿಂಗಳಾಗಿರಲಿಲ್ಲ, ಒಂದು ಸಂಜೆ ಬೈಕಿನ ಮೇಲೆ ಒಬ್ಬ ಹುಡುಗ ಮನೆಗೆ ಬಂದ. ಕಾಕಾನ ಮೊಮ್ಮಗ. ಟಿಕೋಟಾದ ಹತ್ತಿರ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕೆಲಸ, ರಾತ್ರಿ ಹಾಡಿಕೆ. ಮುತ್ಯಾನ ಬರಗಾಲದ ಪದವನ್ನು ತಾನೇ ಹಾಡಿ, ತನ್ನ ಗೆಳೆಯರಿಂದ ಡೊಳ್ಳು ಬಾರಿಸಿ, ಹೊಲದಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕಿದ್ದನಂತೆ. ಒಂದು ವಾರ ಚೆನ್ನಾಗಿ ಓಡಿತಂತೆ. ಆಮೇಲೆ ಕ್ಲೇಮ್ ಬಂತು: ಈ ಹಾಡು ಇಂಥ ಕಂಪನಿಯದು, ಜಾಹೀರಾತಿನಿಂದ ಬರುವ ದುಡ್ಡು ಅವರಿಗೆ. ‘ತಕರಾರ ಹಾಕಪ್ಪಾ,’ ಎಂದೆ. ‘ಹಾಕಿದ್ರ ಅವರು ತಿಂಗಳೊಳಗ ಉತ್ತರಾ ಕೊಡ್ತಾರ. ಕ್ಲೇಮ್ ಖರೇ ಅಂದ್ರ ಮತ್ತ ಅಪೀಲು. ಅಪೀಲಿನ್ಯಾಗ ಸೋತ್ರ ಸ್ಟ್ರೈಕ್ ಬೀಳ್ತದ. ಮೂರ ಸ್ಟ್ರೈಕ್ ಆದ್ರ ಚಾನಲ್ಲೇ ಹೋಗ್ತದ ಕಾಕಾ. ನಮ್ಮ ಮುತ್ಯಾಂದ ಪದಾ ಅನ್ನಾಕ ಏನ ಪುರಾವಾ ಅದ ನನ್ನ ಕಡೆ?’ ಎಂದ. ಅಜ್ಜ ನನ್ನನ್ನು ಸಾಹೇಬ್ರ ಎನ್ನುತ್ತಿದ್ದ, ಮೊಮ್ಮಗ ಕಾಕಾ ಎಂದ. ಇಷ್ಟು ಬಡ್ತಿಗೆ ನಾನೇನೂ ಮಾಡಿರಲಿಲ್ಲ.

ಸಾಹುಕಾರರ ಮಾತಿಗೆ ಕಾಯಿದೆ ಎಷ್ಟು ಬೇಗ ಎದ್ದು ನಿಲ್ಲುತ್ತದೆ ಎಂಬುದನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. 2022ರ ನವೆಂಬರಿನಲ್ಲಿ ‘ಕೆ.ಜಿ.ಎಫ್.’ ಎರಡನೆಯ ಭಾಗದ ಹಾಡನ್ನು ಭಾರತ್ ಜೋಡೊ ಯಾತ್ರೆಯ ವಿಡಿಯೊದಲ್ಲಿ ಬಳಸಿದರೆಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಕೋರ್ಟಿಗೆ ಹೋಯಿತು. ಬೆಂಗಳೂರಿನ ಕೋರ್ಟು ಕಾಂಗ್ರೆಸ್ ಪಕ್ಷದ ಟ್ವಿಟರ್ ಖಾತೆಯನ್ನೇ ತಾತ್ಪೂರ್ತಿಕ ಬಂದ್ ಮಾಡಿ ಎಂದಿತು. ಮರುದಿನವೇ ಹೈಕೋರ್ಟು ಆ ಆದೇಶವನ್ನು ಪಕ್ಕಕ್ಕಿಟ್ಟಿತು, ಆ ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ. ಆ ಕಂಪನಿ ಹಕ್ಕು ಕೇಳಿದ್ದರಲ್ಲಿ ತಪ್ಪಿಲ್ಲ. ದುಡ್ಡು ಕೊಟ್ಟು ಕೊಂಡದ್ದು. ದೇಶದ ಒಂದು ದೊಡ್ಡ ಪಕ್ಷದ ಬಾಯಿಯನ್ನೇ ಒಂದು ದಿನದ ಮಟ್ಟಿಗೆ ಕಟ್ಟಬಲ್ಲಷ್ಟು ಬಲವುಳ್ಳ ಕಾಯಿದೆ, ಟಿಕೋಟಾದ ಈ ಹುಡುಗನ ಪಾಲಿಗೆ ಮಾತ್ರ ಬೈಕಿನ ಪೆಟ್ರೋಲು ಸುಟ್ಟು ಒಬ್ಬ ಮುದುಕನ ಮನೆಗೆ ಬಂದು ಪುರಾವೆ ಬೇಡುವಷ್ಟರದಾಗಿದೆ.

‘ಕಡೀ ನುಡಿ ಹಾಡಿದೆಯೇನಪಾ?’ ಎಂದು ಕೇಳಿದೆ. ಹುಡುಗ ನನ್ನ ಮುಖ ನೋಡಿದ. ‘ಯಾವ ಕಡೀ ನುಡಿ?’ ಎಂದ. ಆತ ಪದ ಕಲಿತದ್ದು ಕ್ಯಾಸೆಟ್ಟಿನಿಂದ. ಮುತ್ಯಾ ಹೋದಾಗ ಆತನಿಗೆ ಏಳು ವರ್ಷ. ತನ್ನ ಮನೆತನದ ಹೆಸರು ಆ ಪದದಲ್ಲಿ ಇತ್ತೆಂಬುದೇ ಅವನಿಗೆ ಗೊತ್ತಿರಲಿಲ್ಲ. ಆ ಎರಡು ನಿಮಿಷ ಎಲ್ಲಿಗೆ ಹೋದವೆಂದು ಹೇಳಬಲ್ಲವನು ನಾನೊಬ್ಬನೇ, ಆತನ ಎದುರಿಗೆ ಚಹಾದ ಬಸಿ ಹಿಡಿದು ಕೂತಿದ್ದೆ.

ಮರುದಿನ ಅವನ ಬೈಕಿನ ಹಿಂದೆಯೇ ಕೂತು ಊರಿಗೆ ಹೋದೆ. ರಸ್ತೆಯ ಎರಡೂ ಬದಿ ಈಗ ದ್ರಾಕ್ಷಿ. 1996ರಲ್ಲಿ ಜೋಳದ ಹೊಲಗಳಿದ್ದವು. ಕಾಕಾನ ಹೆಂಡತಿ ಇದ್ದಾಳೆ, ಕಣ್ಣು ಮಂಜಾಗಿವೆ. ಯಾರೆಂದು ಹೇಳಿದೆ. ‘ಕಂಬಳಿ ಹೊಚ್ಚಿಸಿದ ಸಾಹೇಬ್ರೇನು?’ ಎಂದಳು. ಆ ಕತೆಯನ್ನು ಆತ ಮನೆಯಲ್ಲಿ ಹೇಳಿದ್ದನೆಂದಾಯಿತು. ಕಡೇ ನುಡಿ ನೆನಪಿದೆಯೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂತಳು. ಹಾಡಲಿಲ್ಲ, ಹಿಟ್ಟು ನಾದುವಾಗ ಹೇಳಿಕೊಂಡಂತೆ ಮೆಲ್ಲಗೆ ಹೇಳಿದಳು. ಊರ ಹೆಸರು ಬಂತು. ಗುರುವಿನ ಹೆಸರು ಬಂತು. ಗಂಡನ ಹೆಸರು ಬರುವಲ್ಲಿ ತಡೆದಳು, ಹಳೆಯ ಕಾಲದ ಹೆಂಗಸು, ಹೆಸರು ಎತ್ತುವ ರೂಢಿಯಿಲ್ಲ. ಮೊಮ್ಮಗನ ಕಡೆ ಕೈ ಮಾಡಿದಳು. ಅವನು ಹೇಳಿದ. ಆಮೇಲಿನ ಸಾಲು ನನಗೆ ಗೊತ್ತಿರಲಿಲ್ಲ, ಸ್ಟುಡಿಯೊದಲ್ಲಿ ಅದನ್ನು ಹಾಡಲು ನಾನು ಬಿಟ್ಟೇ ಇರಲಿಲ್ಲ. ಅದರಲ್ಲಿ ಆತನ ಜೊತೆ ಕಲ್ಲು ಒಡೆದ ಇವಳ ಹೆಸರೂ ಇತ್ತು.

ಮನೆಗೆ ಬಂದು ನಾಲ್ಕು ಪುಟ ಬರೆದೆ. ಒಂದರಲ್ಲಿ ಆ ಕಡೇ ನುಡಿ, ಆಕೆ ಹೇಳಿದಂತೆ. ಎರಡನೆಯದರಲ್ಲಿ 1996ರ ಪಾವತಿಯ ಕಾರ್ಬನ್ ಪ್ರತಿಯ ಝೆರಾಕ್ಸು. ಹನ್ನೊಂದು ವರ್ಷದ ಪಾವತಿ ಪುಸ್ತಕಗಳ ಕಾರ್ಬನ್ ಪ್ರತಿಗಳೆಲ್ಲ ನನ್ನ ಟ್ರಂಕಿನಲ್ಲಿವೆ, ಮಾಲಕರು ಮರೆತಿದ್ದರು. ಮೂರನೆಯದರಲ್ಲಿ ಪದ ಕಟ್ಟಿದವನು ಯಾರು, ಯಾವ ದಿನ, ಯಾರ ಮಾತಿನ ಮೇಲೆ ಕಡೇ ನುಡಿ ತೆಗೆಯಲಾಯಿತು ಎಂದು ನನ್ನ ಸಹಿಯ ಹೇಳಿಕೆ. ನಾಲ್ಕನೆಯದರಲ್ಲಿ ಹಾಗೆಯೇ ತೆಗೆದ ಇನ್ನೂ ಇಪ್ಪತ್ತಮೂರು ಪದಗಳ ಪಟ್ಟಿ, ನನಗೆ ನೆನಪಿದ್ದಷ್ಟು, ಊರುಗಳ ಹೆಸರಿನೊಂದಿಗೆ. ಒಂದು ಪ್ರತಿ ಹುಡುಗನಿಗೆ ಕೊಟ್ಟೆ. ಇನ್ನೊಂದನ್ನು ಅಭಿನಂದನ ಸಮಿತಿಗೆ ಸ್ಪೀಡ್ ಪೋಸ್ಟ್ ಮಾಡಿದೆ. ಕೇಳಿದ್ದು ನಾಲ್ಕು ಪುಟ, ನಾಲ್ಕೇ ಇದ್ದವು.

ಎಂಟು ದಿನಕ್ಕೆ ಮಾಲಕರ ಮಗನ ಫೋನು ಬಂತು. ಅಪ್ಪಾಜಿಗೆ ಬಹಳ ಬೇಸರವಾಗಿದೆ ಎಂದ. ನಾನು ಸುಮ್ಮನೆ ಕೇಳಿಸಿಕೊಂಡೆ. ಇಪ್ಪತ್ತಮೂರರ ಪಟ್ಟಿಯನ್ನು ಇನ್ನು ಯಾರಿಗಾದರೂ ಕೊಟ್ಟಿದ್ದೀರಾ ಎಂದು ಕೇಳಿದ. ಸದ್ಯ ಇಲ್ಲ, ಮುಂದಿನ ವಾರ ಬಬಲೇಶ್ವರದ ಕಡೆ ಹೋಗುವವನಿದ್ದೇನೆ, ಪಟ್ಟಿಯಲ್ಲಿ ಆ ಕಡೆಯ ಊರುಗಳೇ ಹೆಚ್ಚು ಎಂದೆ.